ಗೆಡ್ಡೆ ಯಾವುದಕ್ಕಾಗಿ ಕಾಯುತ್ತಿದೆ? – ಕೈತೋಟದ ಪ್ರಶ್ನೋತ್ತರ

ಸಂಕ್ರಾಂತಿ ಕಳೆದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಅಲ್ಲಿಯವರೆಗೆ ಗುಲಾಬಿಯ ಚಾಟನಿ, ಸೇವಂತಿಗೆಯ ಹೇನು ಎಂದು ಬರೆಯುತ್ತಿದ್ದವರು ಯುಗಾದಿಯ ಹೊತ್ತಿಗೆ ಅಂಗಳದಲ್ಲಿ ಯಾವ ಹೂವು ಅರಳೀತು ಎಂದು ಕೇಳತೊಡಗುತ್ತಾರೆ. ಈ ಸಲ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಗೆಡ್ಡೆಯಿಂದ ಬೆಳೆಯುವ ಹೂಗಳನ್ನು ಕುರಿತೇ ಇದ್ದುದರಿಂದ ಇಡೀ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದೇ ಉತ್ತರ ಬರೆದಿರುವುದನ್ನು ಓದುಗರು ಮನ್ನಿಸಬೇಕು.

ಪ್ರಶ್ನೆ: ನವೆಂಬರಿನಲ್ಲಿ ಆನ್‌ಲೈನ್ ಮೂಲಕ ಹತ್ತು ಟುಲಿಪ್ ಗೆಡ್ಡೆಗಳನ್ನು ತರಿಸಿ ತಾರಸಿಯ ಕುಂಡಗಳಲ್ಲಿ ನೆಟ್ಟಿದ್ದೆ. ಆರರಲ್ಲಿ ಎಲೆ ಬಂತು. ಅವುಗಳಲ್ಲಿ ಎರಡಕ್ಕೆ ಮಾತ್ರ ಮಣ್ಣಿನ ಮಟ್ಟದಲ್ಲೇ ಮೊಗ್ಗು ಕಾಣಿಸಿಕೊಂಡು ಅಲ್ಲೇ ಒಣಗಿತು. ಎಲೆಯೇ ಬಾರದ ನಾಲ್ಕು ಗೆಡ್ಡೆಗಳು ಕೊಳೆತುಹೋದವು. ಮಾರಿದವರು ಮೋಸ ಮಾಡಿದರೋ, ತಪ್ಪು ನನ್ನದೋ?
– ಗೃಹಿಣಿ, ವಿದ್ಯಾನಗರ, ದಾವಣಗೆರೆ

ಉತ್ತರ: ಮೋಸವೆಂದು ಹೇಳಲಾಗದು, ನಿಮ್ಮ ತಪ್ಪೂ ದೊಡ್ಡದಲ್ಲ. ಚೆನ್ನಾಗಿ ಬಲಿತ ಟುಲಿಪ್ ಗೆಡ್ಡೆಯನ್ನು ನಡುವೆ ಉದ್ದಕ್ಕೆ ಸೀಳಿ ನೋಡಿದರೆ, ಈರುಳ್ಳಿಯದರಂತಹ ದಪ್ಪ ಪದರಗಳ ಮಧ್ಯೆ ತಿಳಿಹಳದಿ ಬಣ್ಣದ ಪುಟ್ಟ ಮೊಳಕೆಯೊಂದು ಕಾಣುತ್ತದೆ. ಎಸಳು, ಕೇಸರಗಳೆಲ್ಲ ಅದರೊಳಗೆ ಆಗಲೇ ರೂಪುಗೊಂಡಿರುತ್ತವೆ. ಹಿಂದಿನ ಬೇಸಿಗೆಯಲ್ಲಿ, ಎಲೆ ಒಣಗಿ ಗೆಡ್ಡೆ ಸತ್ತಂತೆ ಬಿದ್ದಿದ್ದ ಕಾಲದಲ್ಲಿ, ಆ ಹೂವು ಒಳಗೊಳಗೇ ತಯಾರಾಗಿರುತ್ತದೆ. ಅಂದರೆ ನಿಮ್ಮ ಮನೆಗೆ ಬಂದ ಪೊಟ್ಟಣದಲ್ಲಿ ಹೂವು ಇತ್ತು. ಆದರೆ ಆ ಹೂವನ್ನು ಹೊತ್ತು ಮೇಲೇಳಬೇಕಾದ ದಂಟು ಉದ್ದವಾಗಬೇಕಾದರೆ ಗೆಡ್ಡೆಯು ಸುಮಾರು 12ರಿಂದ 16 ವಾರಗಳ ಕಾಲ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪಿನಲ್ಲಿ ಇದ್ದಿರಬೇಕು. ದಾವಣಗೆರೆಯಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿಯೂ ಉಷ್ಣತೆ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಹಗಲಿನಲ್ಲಿ 30ರ ಸಮೀಪಕ್ಕೆ ಹೋಗುತ್ತದೆ. ನಮಗೆ ಸ್ವೆಟರ್ ಬೇಕೆನಿಸುವ ಆ ಚಳಿ ಟುಲಿಪ್‌ನ ಲೆಕ್ಕದಲ್ಲಿ ಚಳಿಯೇ ಅಲ್ಲ. ಮೊಗ್ಗು ಮಣ್ಣಿನ ಮಟ್ಟದಲ್ಲೇ ಒಣಗಿದ್ದು ಆ ಕಾರಣದಿಂದ.

ಶ್ರೀನಗರದಲ್ಲಿ ದಾಲ್ ಸರೋವರದ ಬಳಿ, ಜಬರ್ವಾನ್ ಬೆಟ್ಟಗಳ ತಪ್ಪಲಿನಲ್ಲಿ 2007ರಲ್ಲಿ ಆರಂಭವಾದ ಟುಲಿಪ್ ಉದ್ಯಾನವು ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಅರಳಿ ನಿಲ್ಲುವುದು, ಅದಕ್ಕೂ ಮೊದಲಿನ ತಿಂಗಳುಗಳಲ್ಲಿ ಅಲ್ಲಿ ಹಿಮ ಬಿದ್ದಿರುತ್ತದೆ ಎಂಬ ಕಾರಣಕ್ಕೆ. ಡ್ಯಾಫೊಡಿಲ್, ಹಯಸಿಂತ್, ಕ್ರೋಕಸ್‌ಗಳ ಕತೆಯೂ ಹೆಚ್ಚುಕಡಿಮೆ ಇದೇ. ಅವುಗಳ ವಸಂತವೆಂದರೆ ಕಠಿಣ ಚಳಿ ಮುಗಿದ ಮೇಲಿನ ಕಾಲ.

ಹಟಕ್ಕೆ ಬಿದ್ದು ಬೆಳೆಯಲೇಬೇಕು ಎನ್ನುವವರಿಗೆ ದಾರಿ ಇಲ್ಲದಿಲ್ಲ. ಸೆಪ್ಟೆಂಬರ್ ಕೊನೆಗೆ ಗೆಡ್ಡೆಗಳನ್ನು ಕಾಗದದ ಚೀಲದಲ್ಲಿ ಹಾಕಿ, ಫ್ರಿಜ್ಜಿನ ಕೆಳಗಿನ ಭಾಗದಲ್ಲಿ 12ರಿಂದ 14 ವಾರ ಇಡಬೇಕು. ಮೇಲಿನ ಐಸ್ ಪೆಟ್ಟಿಗೆಯಲ್ಲಿ ಇಡಬಾರದು, ಅಲ್ಲಿ ಗೆಡ್ಡೆ ಹೆಪ್ಪುಗಟ್ಟಿ ಸತ್ತುಹೋಗುತ್ತದೆ. ಅದೇ ಫ್ರಿಜ್ಜಿನಲ್ಲಿ ಸೇಬು, ಬಾಳೆಹಣ್ಣು ಇಡುವವರು ಆ ಮೂರು ತಿಂಗಳು ಅವನ್ನು ಹೊರಗೆ ಇಟ್ಟುಕೊಳ್ಳಬೇಕು. ಮಾಗುವ ಹಣ್ಣುಗಳು ಬಿಡುವ ಎಥಿಲೀನ್ ಅನಿಲವು ಗೆಡ್ಡೆಯೊಳಗಿನ ಎಳೆಯ ಹೂವನ್ನು ಕೊಲ್ಲುತ್ತದೆ. ಡಿಸೆಂಬರ್ ಕೊನೆಯಲ್ಲಿ ತೆಗೆದು, ಮನೆಯ ಅತ್ಯಂತ ತಂಪಾದ ಮೂಲೆಯಲ್ಲಿ, ಬೆಳಗಿನ ಎಳೆಬಿಸಿಲು ಮಾತ್ರ ಬೀಳುವ ಕಡೆ ಕುಂಡಕ್ಕೆ ನೆಟ್ಟರೆ ಗಿಡ್ಡ ದಂಟಿನ ಹೂವು ಬರಬಹುದು, ಕೆಲವು ದಿನ ನಿಲ್ಲಬಹುದು. ಮರುವರ್ಷ ಆ ಗೆಡ್ಡೆಯಿಂದ ಏನನ್ನೂ ನಿರೀಕ್ಷಿಸಬೇಡಿ. ನಮ್ಮ ಫೆಬ್ರವರಿ, ಮಾರ್ಚ್ ಬಿಸಿಲಿಗೆ ಎಲೆ ಬೇಗನೆ ಒಣಗುವುದರಿಂದ ಗೆಡ್ಡೆ ಮತ್ತೆ ತುಂಬಿಕೊಳ್ಳುವುದಿಲ್ಲ. ಇಷ್ಟೆಲ್ಲ ಪಾಡು ಪಟ್ಟು ನಾಲ್ಕು ದಿನದ ಹೂವು ನೋಡುವುದು ನನಗಂತೂ ಲಾಭದ ವ್ಯವಹಾರವಾಗಿ ಕಾಣುವುದಿಲ್ಲ.

ನಮ್ಮ ಸೀಮೆಯವರಿಗೆ ಗೆಡ್ಡೆಯ ಗುಣವನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಚಳ್ಳಕೆರೆ, ಹಿರಿಯೂರು, ಜಗಳೂರಿನ ಕಡೆ ಈರುಳ್ಳಿ ಬೆಳೆಯುವ ರೈತರಿಗೆ, ಬೀಜಕ್ಕೆಂದು ಇಟ್ಟ ಗೆಡ್ಡೆಗಳನ್ನು ಹಿಂಗಾರಿನಲ್ಲಿ ನಾಟಿ ಮಾಡಿದರೆ ಚಳಿ ತಾಗಿ ಹೂದಂಟು ಏಳುತ್ತದೆ ಎಂಬುದು ಗೊತ್ತಿರುವ ಸಂಗತಿ. ಈರುಳ್ಳಿಗೆ ನಮ್ಮ ಚಳಿ ಸಾಕಾಗುತ್ತದೆ, ಟುಲಿಪ್‌ಗೆ ಸಾಲುವುದಿಲ್ಲ, ವ್ಯತ್ಯಾಸ ಅಷ್ಟೇ. ಗೆಡ್ಡೆಯೆಂದರೆ ಗಿಡವು ಕೆಟ್ಟ ಕಾಲವನ್ನು ದಾಟುವುದಕ್ಕೆ ಕಟ್ಟಿಕೊಂಡ ಬುತ್ತಿ. ಕೆಲವು ಗಿಡಗಳಿಗೆ ಕೆಟ್ಟ ಕಾಲವೆಂದರೆ ಹಿಮ. ಇನ್ನು ಕೆಲವಕ್ಕೆ ಬರ. ಬರವನ್ನು ದಾಟುವ ಗೆಡ್ಡೆಗಳು ಮಳೆಯ ಹನಿಗೆ ಎಚ್ಚರಗೊಳ್ಳುತ್ತವೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಒಣಗಿ ನಿಲ್ಲುವ ನಮ್ಮ ಬಯಲುಸೀಮೆಗೆ ಒಗ್ಗುವುದು ಈ ಎರಡನೆಯ ಗುಂಪಿನವು. ಮುಂದಿನ ಉತ್ತರಗಳಲ್ಲಿ ಬರುವವೆಲ್ಲ ಬಹುಪಾಲು ಅವೇ.

ಪ್ರಶ್ನೆ: ನಮ್ಮ ಅತ್ತೆಯವರು ತವರಿನಿಂದ ತಂದು ನೆಟ್ಟ ಕೆಂಪು ಲಿಲ್ಲಿ ಮೊದಲು ಪ್ರತಿ ವರ್ಷ ಯುಗಾದಿಯ ಸುಮಾರಿಗೆ ನಾಲ್ಕು ತುತ್ತೂರಿ ಊದಿದಂತೆ ಅರಳುತ್ತಿತ್ತು. ಮೂರು ವರ್ಷಗಳಿಂದ ಬರೀ ಎಲೆ. ಗಿಡ ಮಾತ್ರ ದಟ್ಟವಾಗಿ ಹಬ್ಬಿದೆ. ಗೊಬ್ಬರ ಸಾಲದೆಂದು ಯೂರಿಯಾ ಕೂಡ ಹಾಕಿದ್ದೇವೆ.
– ಅಂಗನವಾಡಿ ಕಾರ್ಯಕರ್ತೆ, ಹೊಳಲ್ಕೆರೆ

ಉತ್ತರ: ನರ್ಸರಿಗಳಲ್ಲಿ ಅಮರಿಲ್ಲಿಸ್ ಎಂಬ ಹೆಸರಿನಲ್ಲಿ ಮಾರುವ ಈ ಗಿಡದ ನಿಜವಾದ ಕುಲ ಹಿಪ್ಪಿಯಾಸ್ಟ್ರಮ್. ಅದರ ತವರು ದಕ್ಷಿಣ ಅಮೆರಿಕ. ಹಳ್ಳಿಯ ಹಿತ್ತಿಲುಗಳಲ್ಲಿ, ಹಳೆಯ ಸರ್ಕಾರಿ ಕ್ವಾರ್ಟರ್ಸ್‌ಗಳ ಅಂಗಳದಲ್ಲಿ ಯಾರ ಆರೈಕೆಯೂ ಇಲ್ಲದೆ ಅದು ಬದುಕಿರುವುದನ್ನು ನೋಡಿದ್ದೇನೆ. ವಸಂತದ ಗೆಡ್ಡೆ ಹೂವು ಬೇಕೆಂದು ಕೇಳುವ ಪ್ರತಿಯೊಬ್ಬರಿಗೂ ನಾನು ಮೊದಲು ಸೂಚಿಸುವುದು ಇದನ್ನೇ.

ನಿಮ್ಮ ಪತ್ರದಲ್ಲಿಯೇ ಕಾರಣಗಳು ಇವೆ. ಮೊದಲನೆಯದು ಯೂರಿಯಾ. ಸಾರಜನಕ ಹೆಚ್ಚಾದರೆ ಗಿಡ ಎಲೆ ಬಿಡುವುದರಲ್ಲಿಯೇ ಮೈಮರೆಯುತ್ತದೆ. ಜೊತೆಗೆ ಗೆಡ್ಡೆ ಮೆತ್ತಗಾಗಿ ಕೊಳೆಗೆ ತುತ್ತಾಗುತ್ತದೆ. ಅದನ್ನು ಈಗಲೇ ನಿಲ್ಲಿಸಿ. ಎರಡನೆಯದು ದಟ್ಟಣೆ. ತಾಯಿಗೆಡ್ಡೆಯ ಸುತ್ತ ಮರಿಗಳು ಒತ್ತಿಕೊಂಡು ಬೆಳೆದಾಗ ಯಾವುದಕ್ಕೂ ಹೂವಿಗೆ ಬೇಕಾದಷ್ಟು ದಪ್ಪವಾಗುವ ಅವಕಾಶ ಸಿಗುವುದಿಲ್ಲ. ಗೆಡ್ಡೆ ನಮ್ಮ ದೊಡ್ಡ ಗಾತ್ರದ ಈರುಳ್ಳಿಯಷ್ಟಾದರೂ, ಎಂದರೆ ಅಡ್ಡಳತೆಯಲ್ಲಿ 6–7 ಸೆಂಟಿಮೀಟರ್ ಆಗದೆ ಹೂವಿನ ಮಾತು ಎತ್ತುವಂತಿಲ್ಲ. ಮೂರನೆಯದನ್ನು ನೀವು ಬರೆದಿಲ್ಲ, ಆದರೂ ಊಹಿಸಬಲ್ಲೆ: ವರ್ಷವಿಡೀ ನೀರು ಬೀಳುವ ಜಾಗದಲ್ಲಿ, ಬಹುಶಃ ಬಚ್ಚಲ ನೀರು ಹರಿಯುವ ಕಡೆ ಅಥವಾ ತುಳಸಿಕಟ್ಟೆಯ ಪಕ್ಕದಲ್ಲಿ ಗಿಡ ಇರಬೇಕು. ದಿನವೂ ನೀರು ಕುಡಿಯುವ ಹಿಪ್ಪಿಯಾಸ್ಟ್ರಮ್ ಮಲಗುವುದೇ ಇಲ್ಲ. ಮಲಗದೆ ಏಳುವುದೆಲ್ಲಿಂದ ಬಂತು?

ಈ ಗಿಡದ ಲೆಕ್ಕಾಚಾರ ಸೊಗಸಾಗಿದೆ. ಬೆಳೆಯುವ ಕಾಲದಲ್ಲಿ ಅದು ಸಾಮಾನ್ಯವಾಗಿ ನಾಲ್ಕು ಎಲೆ ಬಿಟ್ಟ ಮೇಲೆ ಗೆಡ್ಡೆಯೊಳಗೆ ಒಂದು ಹೂಮೊಗ್ಗನ್ನು ಹುಟ್ಟಿಸುತ್ತದೆ. ಆ ಮೊಗ್ಗು ಹೊರಗೆ ಬರುವುದಕ್ಕೆ ಸುಮಾರು ಒಂದು ವರ್ಷ ಬೇಕು. ಆದ್ದರಿಂದ ಈ ವರ್ಷ ಹೂವು ಬರಲಿಲ್ಲ ಎಂದರೆ ತಪ್ಪು ಹೋದ ವರ್ಷದ ಮಳೆಗಾಲದಲ್ಲಿ ಆಗಿದೆ ಎಂದು ತಿಳಿಯಬೇಕು. ಹೂವು ಮುಗಿದೊಡನೆ ಗಲೀಜು ಕಾಣುತ್ತದೆಂದು ಎಲೆ ಕತ್ತರಿಸುವವರು ಮುಂದಿನ ವರ್ಷದ ಹೂವನ್ನೇ ಕತ್ತರಿಸುತ್ತಿದ್ದಾರೆ. ಬಾಡಿದ ಹೂವಿನ ದಂಟನ್ನು ಮಾತ್ರ ತೆಗೆದು, ಎಲೆಗಳನ್ನು ಅವು ತಾವಾಗಿ ಹಳದಿಯಾಗುವವರೆಗೆ ಬಿಡಬೇಕು.

ಈಗ ನೀವು ಮಾಡಬೇಕಾದುದು ಇಷ್ಟು. ಈ ಬೇಸಿಗೆ ಹೇಗಿದೆಯೋ ಹಾಗೆ ಬಿಡಿ. ಮೇ ತಿಂಗಳ ಮೊದಲ ಮಳೆ ಬಿದ್ದು ಮಣ್ಣು ಹದವಾದಾಗ ಇಡೀ ಹಿಂಡನ್ನು ಗುದ್ದಲಿಯಿಂದ ದೂರದಲ್ಲಿ ಅಗೆದು ಎತ್ತಿ, ಮರಿಗಳನ್ನು ಕೈಯಿಂದ ಬಿಡಿಸಿ. ಪ್ರತಿಯೊಂದು ಗೆಡ್ಡೆಯನ್ನೂ ಕುತ್ತಿಗೆಯ ಬಳಿ ಹೆಬ್ಬೆರಳಿನಿಂದ ಒತ್ತಿ ನೋಡಬೇಕು, ಮಂಡಿಯಲ್ಲಿ ಈರುಳ್ಳಿ ಚೀಲದೊಳಗೆ ಕೈ ಹಾಕಿ ನೋಡುವ ವರ್ತಕರು ಒತ್ತುವ ಹಾಗೆ. ಗಟ್ಟಿಯಾಗಿದ್ದರೆ ನೆಡಿ, ಮೆತ್ತಗೆ ಜಾರಿದರೆ ಎಸೆಯಿರಿ. ಒಂದಡಿ ಅಂತರದಲ್ಲಿ, ಗೆಡ್ಡೆಯ ಮೇಲಿನ ಮೂರನೆಯ ಒಂದು ಭಾಗ ಮಣ್ಣಿನ ಹೊರಗೆ ಇರುವಂತೆ ನೆಡಬೇಕು. ಪೂರ್ತಿ ಹೂತುಬಿಡುವುದು ನಮ್ಮಲ್ಲಿ ತುಂಬ ಕಾಣುವ ತಪ್ಪು. ದಿನಕ್ಕೆ ನಾಲ್ಕೈದು ಗಂಟೆಯಾದರೂ ಬಿಸಿಲು ಬೀಳಲಿ. ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಕಳಿತದ್ದಿರಲಿ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಮಳೆಗಾಲವೆಲ್ಲ ಬೆಳೆಯಲಿ. ದೀಪಾವಳಿ ಕಳೆದ ಮೇಲೆ ನೀರು ಕಡಿಮೆ ಮಾಡುತ್ತ ಬಂದು, ನವೆಂಬರ್ ಮಧ್ಯದಿಂದ ಎಂಟರಿಂದ ಹತ್ತು ವಾರ ಪೂರ್ತಿ ನಿಲ್ಲಿಸಿ. ಕುಂಡದಲ್ಲಿದ್ದರೆ ಮಳೆ, ಇಬ್ಬನಿ ತಾಗದ ಜಗುಲಿಯ ಮೂಲೆಗೆ ಸರಿಸಿ. ಜನವರಿ ಕೊನೆಯ ವಾರದಲ್ಲಿ ಒಂದು ಸಲ ಚೆನ್ನಾಗಿ ನೀರು ಕೊಟ್ಟು, ಮೊಗ್ಗಿನ ತುದಿ ಕಾಣುವವರೆಗೆ ಮತ್ತೆ ಮಿತವಾಗಿ ಕೊಡಿ. ಒಡೆದು ನೆಟ್ಟ ಮರುವರ್ಷವೇ ಎಲ್ಲವೂ ಹೂ ಬಿಡುತ್ತವೆಂದು ನಾನು ಹೇಳಲಾರೆ. ದಪ್ಪ ಗೆಡ್ಡೆಗಳು ಬಿಡುತ್ತವೆ, ಮರಿಗಳು ಎರಡು ಮೂರು ವರ್ಷ ಕಾಯಿಸುತ್ತವೆ.

ವಿಶ್ರಾಂತಿಯ ಕಾಲದಲ್ಲಿ ನೀರು ನಿಲ್ಲಿಸಲು ಮನಸ್ಸು ಒಪ್ಪುವುದಿಲ್ಲ ಎಂಬುದು ನನಗೂ ಗೊತ್ತು. ಹಲವು ವರ್ಷಗಳ ಹಿಂದೆ ಒಣಗಿದ ಎಲೆ ನೋಡಲಾಗದೆ ಒಂದು ಡಿಸೆಂಬರ್ ಪೂರ್ತಿ ನಾನೇ ದಿನಕ್ಕೊಂದು ಚೊಂಬು ನೀರು ಹಾಕಿದೆ. ಫೆಬ್ರವರಿಯಲ್ಲಿ ಅಗೆದಾಗ ಗೆಡ್ಡೆಯ ತಳ ಕಂದಾಗಿ, ಬೆರಳಿಟ್ಟೊಡನೆ ಕೊಳೆತ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಜಾರಿತು. ಆ ವಾಸನೆ ಕೈಯಿಂದ ಹೋಗಲು ಎರಡು ದಿನ ಹಿಡಿಯಿತು.

ಪ್ರಶ್ನೆ: ಫುಟ್‌ಬಾಲ್ ಲಿಲ್ಲಿಯ ಕುಂಡ ಡಿಸೆಂಬರಿನಿಂದ ಖಾಲಿ ಇದೆ. ಗಿಡ ಸತ್ತಿತೆಂದು ಮನೆಯವರು ಅದರಲ್ಲಿ ಕೊತ್ತಂಬರಿ ಬಿತ್ತಿದ್ದಾರೆ. ಅಗೆದು ನೋಡಬೇಕೇ?
– ಬ್ಯಾಂಕ್ ಉದ್ಯೋಗಿ, ಚಿತ್ರದುರ್ಗ

ಉತ್ತರ: ಅಗೆಯಬೇಡಿ. ಕೊತ್ತಂಬರಿಯನ್ನು ಮೆಲ್ಲಗೆ ಕತ್ತರಿಸಿ ಸಾರಿಗೆ ಹಾಕಿಕೊಂಡು, ಇನ್ನು ಆ ಕುಂಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿ. ಆಫ್ರಿಕ ಮೂಲದ ಈ ಗೆಡ್ಡೆ ಚಳಿಗಾಲದಲ್ಲಿ ಎಲೆ ಉದುರಿಸಿ ನೆಲದೊಳಗೆ ಮಲಗುತ್ತದೆ. ಭರಣಿ ಮಳೆಯ ಸುಮಾರಿಗೆ, ಎಂದರೆ ಏಪ್ರಿಲ್ ಕೊನೆಯಿಂದ ಮೇ ಮೊದಲ ಭಾಗದಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ ಬರಿಮಣ್ಣಿನಿಂದ ಚುಕ್ಕೆಗಳಿರುವ ದಂಟೊಂದು ಎದ್ದು, ಕೆಲವೇ ದಿನಗಳಲ್ಲಿ ಕೆಂಪು ಚೆಂಡು ಅರಳುತ್ತದೆ. ಆ ಚೆಂಡು ಒಂದು ಹೂವಲ್ಲ. ನೂರರ ಆಸುಪಾಸಿನ ಸಣ್ಣ ಹೂಗಳು ಒಂದೇ ಬಿಂದುವಿನಿಂದ ಸುತ್ತಲೂ ಚಾಚಿಕೊಂಡಿರುತ್ತವೆ. ಹೂವಿನ ಜೊತೆಯಲ್ಲಿ ಅಥವಾ ಅದಾದ ಮೇಲೆ ಎಲೆ ಬರುತ್ತದೆ. ವರ್ಷಕ್ಕೆ ಒಂದೇ ಸಲ, ಹತ್ತು ಹದಿನೈದು ದಿನ. ಪದೇಪದೇ ಕಿತ್ತು ನೆಡುವುದನ್ನು ಈ ಗಿಡ ಸಹಿಸುವುದಿಲ್ಲ. ನಾಲ್ಕೈದು ವರ್ಷ ಒಂದೇ ಕುಂಡದಲ್ಲಿ ಬಿಡಿ, ಮಧ್ಯಾಹ್ನದ ಬಿಸಿಲು ತಪ್ಪಿಸಿ. ಕುಂಡದ ಮೇಲೆ ಸುಣ್ಣದಿಂದ ಹೆಸರು ಬರೆದಿಟ್ಟರೆ ಮುಂದಿನ ವರ್ಷ ಕೊತ್ತಂಬರಿಯವರಿಗೆ ಅನುಕೂಲವಾದೀತು.

ಪ್ರಶ್ನೆ: ಗುಲಾಬಿ ಬಣ್ಣದ ಮಳೆ ಲಿಲ್ಲಿಯನ್ನು ಹಾದಿಯುದ್ದಕ್ಕೂ ನೆಟ್ಟಿದ್ದೇವೆ. ಬೋರ್‌ವೆಲ್ ನೀರನ್ನು ದಿನವೂ ಬಿಡುತ್ತೇವೆ. ಹುಲ್ಲಿನಂತೆ ಎಲೆ ಬೆಳೆಯುತ್ತದೆ, ಹೂವಿಲ್ಲ. ಒಂದು ಮಳೆ ಬಿದ್ದರೆ ಮಾತ್ರ ನಾಲ್ಕೇ ದಿನದಲ್ಲಿ ಹಾದಿ ತುಂಬ ಹೂವು. ಮಳೆ ನೀರಿನಲ್ಲಿ ಅಂಥದ್ದೇನಿದೆ?
– ನಿವೃತ್ತ ಶಿಕ್ಷಕರು, ಹಿರಿಯೂರು

ಉತ್ತರ: ಬಹಳ ಚೆನ್ನಾಗಿ ಗಮನಿಸಿದ್ದೀರಿ, ಗುರುಗಳೇ. ಉತ್ತರ ಮಳೆಯ ನೀರಿಗಿಂತ ಹೆಚ್ಚಾಗಿ ಮಳೆಗೆ ಮೊದಲಿನ ಒಣ ದಿನಗಳಲ್ಲಿದೆ. ಒಣಗಿ, ಕಾದು, ಒಮ್ಮೆಲೇ ಪೂರ್ತಿ ನೆನೆದು, ಜೊತೆಗೆ ಮಣ್ಣು ತಣ್ಣಗಾದಾಗ ಈ ಗೆಡ್ಡೆಗಳು ಎಚ್ಚರಗೊಳ್ಳುತ್ತವೆ. ದಿನವೂ ಸ್ವಲ್ಪ ಸ್ವಲ್ಪ ನೀರು ಬಿಟ್ಟಾಗ ಅವುಗಳಿಗೆ ಬರವೂ ತಿಳಿಯುವುದಿಲ್ಲ, ಮಳೆಯೂ ತಿಳಿಯುವುದಿಲ್ಲ. ಜೊತೆಗೆ ನಮ್ಮ ಕಡೆಯ ಆಳದ ಕೊಳವೆಬಾವಿಗಳ ನೀರು ಬಹುತೇಕ ಗಡಸು. ಆ ಲವಣ ಮಣ್ಣಿನ ಮೇಲೆ ಬಿಳಿಯ ಪೊರೆಯಾಗಿ ಕೂರುವುದನ್ನು ನೀವು ಕುಂಡದ ಅಂಚಿನಲ್ಲಿ ಕಂಡಿರಬಹುದು. ದೊಡ್ಡ ಮಳೆಯೊಂದು ಅದನ್ನು ತೊಳೆದು ಕೆಳಗಿಳಿಸುತ್ತದೆ.

ಮಾರ್ಚ್ ಕೊನೆಯಿಂದ ಮೂರು ವಾರ ಆ ಹಾದಿಗೆ ನೀರು ಬಿಡುವುದನ್ನು ನಿಲ್ಲಿಸಿ. ಎಲೆ ಜೋತುಬಿದ್ದರೂ ಮರುಗಬೇಡಿ. ಆಮೇಲೆ ಒಂದು ಸಂಜೆ, ಹೊತ್ತು ಮುಳುಗಿದ ಮೇಲೆ, ಮಣ್ಣು ಅರ್ಧ ಅಡಿ ಆಳಕ್ಕೆ ನೆನೆಯುವಷ್ಟು ನೀರು ಕೊಡಿ. ಕುಂಡದಲ್ಲಿರುವವನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಬಹುದು. ಮಳೆ ನೀರು ಹಿಡಿದಿಟ್ಟ ತೊಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಒಂದು ವಾರದೊಳಗೆ ಮೊಗ್ಗು ಕಾಣಬೇಕು. ಬಿಳಿಯ ಹೂವಿನ ಜಾತಿಯಾದರೆ ಮಳೆಗಾಲದ ಕೊನೆಯಲ್ಲಿ ಹೆಚ್ಚು ಬಿಡುತ್ತದೆ ಎಂಬುದನ್ನು ನೆನಪಿಡಿ. ಹೂವು ಬಾಡಿದ ಮೇಲೆ ಮೂರು ಭಾಗದ ಕಾಯಿ ಬಿರಿದು ಕಾಗದದಂತಹ ಕಪ್ಪು ಬೀಜ ಉದುರಿಸುತ್ತದೆ. ಅವನ್ನು ತಾಜಾ ಇರುವಾಗಲೇ ಬಿತ್ತಿದರೆ ಬೇಗ ಮೊಳೆಯುತ್ತವೆ. ಹಾದಿಯ ಇನ್ನೊಂದು ಬದಿಗೂ ಆಗುವಷ್ಟು ಗಿಡ ಪುಕ್ಕಟೆಯಾಗಿ ಸಿಗುತ್ತದೆ.

ಪ್ರಶ್ನೆ: ನಮ್ಮದು ಎರೆಮಣ್ಣು. ಹತ್ತು ಗುಂಟೆಯಲ್ಲಿ ಸುಗಂಧರಾಜ ಹಾಕಿದ್ದೆವು. ಮೊದಲ ವರ್ಷ ಚೆನ್ನಾಗಿ ಬಂತು, ಮೂರನೇ ವರ್ಷಕ್ಕೆ ಕಡ್ಡಿ ಸಣ್ಣಗಾಗಿ ಎಲೆ ಹಳದಿಯಾಗಿದೆ. ಕಿತ್ತು ನೋಡಿದರೆ ಬೇರಿನಲ್ಲಿ ಗಂಟುಗಳಿವೆ. ಅದೇ ಗೆಡ್ಡೆಯನ್ನು ಮತ್ತೆ ನೆಡಬಹುದೇ?
– ರೈತರು, ಜಗಳೂರು ತಾಲ್ಲೂಕು

ಉತ್ತರ: ಬೇರಿನ ಗಂಟು ಜಂತುಹುಳುವಿನ, ಎಂದರೆ ನೆಮಟೋಡ್‌ನ ಲಕ್ಷಣ. ಆ ಗೆಡ್ಡೆಗಳನ್ನು ಅದೇ ಹೊಲದಲ್ಲಿ ಮತ್ತೆ ನೆಟ್ಟರೆ ಹುಳುವಿಗೆ ಹಬ್ಬ ಮಾಡಿದಂತಾಗುತ್ತದೆ. ಒಂದು ಋತು ಆ ಜಾಗದಲ್ಲಿ ಚೆಂಡು ಹೂವು ಬೆಳೆಯಿರಿ. ಅದರ ಬೇರಿನ ರಸ ಈ ಹುಳುವಿಗೆ ಆಗದು. ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿ ಬಿಸಿಲಿಗೆ ಬಿಟ್ಟು, ಮುಂದೆ ನೆಡುವಾಗ ಬೇವಿನ ಹಿಂಡಿ ಸೇರಿಸಿ. ಹೊಸ ಗೆಡ್ಡೆ ಕೊಳ್ಳುವಾಗ ತಳಿ ಕೇಳಿ ಕೊಳ್ಳಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಶೃಂಗಾರ್ ತಳಿ ಬೇರುಗಂಟು ಹುಳುವನ್ನು ತಾಳಿಕೊಳ್ಳುತ್ತದೆ. ಅದನ್ನೇ ತಾಯಿಯಾಗಿಟ್ಟು ತಯಾರಿಸಿದ ಪ್ರಜ್ವಲ್ ತಳಿಯೂ ಬಿಡಿ ಹೂವಿಗೆ ಒಳ್ಳೆಯದು. ಸುತ್ತು ಎಸಳಿನ ಹೂವು ಬೇಕಾದರೆ ಸುವಾಸಿನಿ, ವೈಭವ್ ಇವೆ.

ಇನ್ನೊಂದು ಸಂಗತಿಯನ್ನು ನೀವು ತಿಳಿದಿರಬೇಕು. ಸುಗಂಧರಾಜದ ಗೆಡ್ಡೆ ಒಮ್ಮೆ ಹೂಕಡ್ಡಿ ಕೊಟ್ಟಿತೆಂದರೆ ಅದರ ಬಾಳು ಮುಗಿಯಿತು. ಮುಂದೆ ಹೂ ಕೊಡುವುದು ಅದರ ಬುಡದಲ್ಲಿ ಹುಟ್ಟಿದ ಮರಿಗಳು. ಮೂರು ವರ್ಷಗಳಲ್ಲಿ ಮರಿಗಳ ಮೇಲೆ ಮರಿಗಳಾಗಿ ಬುಡ ಇಕ್ಕಟ್ಟಾಗುವುದರಿಂದ ಹುಳು ಇಲ್ಲದಿದ್ದರೂ ಕಡ್ಡಿ ಸಣ್ಣಗಾಗುತ್ತಿತ್ತು. ನೆಡುವುದಕ್ಕೆ 2ರಿಂದ 3 ಸೆಂಟಿಮೀಟರ್ ದಪ್ಪದ, ಹಿಂದೆ ಹೂವು ಕೊಟ್ಟಿರದ ಗೆಡ್ಡೆಗಳನ್ನು ಆರಿಸಿ. ಒಣಗಿದ ಹಳೆಯ ಕಡ್ಡಿಯ ಗುರುತು ನಡುವೆ ಇರುವ ಗೆಡ್ಡೆಯನ್ನು ಪಕ್ಕಕ್ಕಿಡಿ.

ಎರೆಮಣ್ಣಿನಲ್ಲಿ ಅರ್ಧ ಅಡಿಯಾದರೂ ಎತ್ತರದ ಏರುಮಡಿ ಮಾಡದೆ ಯಾವ ಗೆಡ್ಡೆಯನ್ನೂ ನೆಡಬಾರದು. ನಿಂತ ನೀರಿನಲ್ಲಿ ಒಂದು ವಾರ ಸಾಕು, ಬುಡ ಕೊಳೆಯುತ್ತದೆ. ದಾವಣಗೆರೆ ಸುತ್ತಿನವರಿಗೆ ಭತ್ತದ ಹೊಟ್ಟು ಸುಲಭವಾಗಿ ಸಿಗುವುದರಿಂದ ಅದನ್ನು ಕೊಳೆಸಿ ಅಥವಾ ಸುಟ್ಟು ಕರಿ ಉಮಿಯಾಗಿಸಿ ಮಡಿಗೆ ಸೇರಿಸಿದರೆ ಮಣ್ಣು ಸಡಿಲವಾಗುತ್ತದೆ. ಮಂಡಕ್ಕಿ ಭಟ್ಟಿಯಿಂದ ಬೂದಿ ತರುವವರು ಮಾತ್ರ ಅಲ್ಲಿ ಹೊಟ್ಟಿನ ಜೊತೆ ಮತ್ತೇನನ್ನಾದರೂ ಸುಡುತ್ತಾರೆಯೇ ಎಂದು ಕೇಳಿಯೇ ತನ್ನಿ.

ಪ್ರಶ್ನೆ: ಗ್ಲಾಡಿಯೋಲಸ್ ಗೆಡ್ಡೆ ಕಿತ್ತು ಒಂದೇ ವಾರದಲ್ಲಿ ಮತ್ತೆ ನೆಟ್ಟರೆ ಏಕೆ ಮೊಳೆಯುವುದಿಲ್ಲ? ಡೇಲಿಯಾ ಗೆಡ್ಡೆಯನ್ನು ಬಿಡಿಸಿ ಹಂಚಿದರೆ ಕೆಲವು ಮೊಳೆತು ಕೆಲವು ಹಾಗೇ ಉಳಿಯುವುದೇಕೆ?
– ಕಾಲೇಜು ವಿದ್ಯಾರ್ಥಿನಿ, ಹರಿಹರ

ಉತ್ತರ: ಎಲ್ಲವನ್ನೂ ನಾವು ಗೆಡ್ಡೆ ಎಂದು ಕರೆಯುತ್ತೇವಾದರೂ ಒಳಗಿನ ರಚನೆ ಬೇರೆ ಬೇರೆ. ಲಿಲ್ಲಿಗಳದು ಈರುಳ್ಳಿಯ ಹಾಗೆ ಪದರ ಪದರ. ಗ್ಲಾಡಿಯೋಲಸ್‌ನದು ಸುವರ್ಣಗೆಡ್ಡೆಯ ಹಾಗೆ ಒಳಗೆ ಇಡಿಯಾಗಿ ಗಟ್ಟಿ. ಡೇಲಿಯಾ, ಮಲೆನಾಡಿನವರು ಡೇರೆ ಹೂವೆನ್ನುವುದು, ಗೆಣಸಿನ ಹಾಗೆ ದಪ್ಪಗಾದ ಬೇರು. ಸುರುಳಿ ಸುಗಂಧಿಯದು ಶುಂಠಿಯ ಹಾಗೆ ಅಡ್ಡ ಹರಿಯುವ ಕಾಂಡ. ಅಡುಗೆಮನೆಯ ಈ ನಾಲ್ಕನ್ನು ನೆನಪಿಟ್ಟುಕೊಂಡರೆ ಆರೈಕೆ ಅರ್ಧ ತಿಳಿದಂತೆ.

ಗ್ಲಾಡಿಯೋಲಸ್ ನೆಟ್ಟ ಗೆಡ್ಡೆ ಹೂವಿಗೆಂದು ಬಸಿದುಹೋಗಿ ಸುಕ್ಕುಗಟ್ಟುತ್ತದೆ. ಅದರ ತಲೆಯ ಮೇಲೆಯೇ ಹೊಸ ಗೆಡ್ಡೆ ಕೂತಿರುತ್ತದೆ. ಕಿತ್ತಾಗ ಹಳೆಯದನ್ನು ತಿರುಚಿ ತೆಗೆದರೆ ಬಿಲ್ಲೆಯಂತೆ ಕಳಚಿಕೊಳ್ಳುತ್ತದೆ. ಹೊಸದಕ್ಕೆ ಎರಡು ಮೂರು ತಿಂಗಳ ನಿದ್ದೆ ಬೇಕೇ ಬೇಕು, ಆದ್ದರಿಂದ ನೀವು ಒಂದು ವಾರದಲ್ಲಿ ನೆಟ್ಟದ್ದು ಏಳಲಿಲ್ಲ. ಹೂವಾಗಿ ಆರರಿಂದ ಎಂಟು ವಾರಕ್ಕೆ, ಎಲೆ ಹಳದಿ ತಿರುಗಿದಾಗ ಕಿತ್ತು, ನೆರಳಿನಲ್ಲಿ ಒಂದೆರಡು ವಾರ ಆರಿಸಿ, ಈರುಳ್ಳಿಯ ಬಲೆಚೀಲದಲ್ಲಿ ತುಂಬಿ ಗಾಳಿಯಾಡುವ ಅಟ್ಟಕ್ಕೆ ತೂಗುಹಾಕಿ. ನಮ್ಮ ಏಪ್ರಿಲ್ ಸೆಖೆಗೆ ಅಟ್ಟದ ಗೆಡ್ಡೆಗಳು ಸ್ವಲ್ಪ ಸೊರಗುತ್ತವೆ. ಹತ್ತಿಪ್ಪತ್ತೇ ಇದ್ದರೆ ಫ್ರಿಜ್ಜಿನಲ್ಲಿ ಇಡುವುದು ಮೇಲು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನಾಲ್ಕು ಬೆರಳು ಆಳಕ್ಕೆ ನೆಟ್ಟರೆ ಚಳಿಗಾಲದಲ್ಲಿ ಹೂವು. ಚಿತ್ರದುರ್ಗದ ಗಾಳಿಗೆ ಕಡ್ಡಿ ಆಸರೆ ಕಟ್ಟದೆ ನಿಲ್ಲಿಸುವ ಸಾಹಸ ಬೇಡ. ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ಅದು.

ಡೇಲಿಯಾದ ಬೇರಿನಲ್ಲಿ ಎಲ್ಲೆಂದರಲ್ಲಿ ಕಣ್ಣು ಇರುವುದಿಲ್ಲ. ಹಳೆಯ ಕಾಂಡದ ಬುಡದ ತುಣುಕು ಅಂಟಿಕೊಂಡಿರುವ ಗೆಡ್ಡೆ ಮಾತ್ರ ಚಿಗುರುತ್ತದೆ. ಕುತ್ತಿಗೆಯಲ್ಲಿ ಮುರಿದದ್ದು ಎಷ್ಟೇ ದಪ್ಪವಾಗಿದ್ದರೂ ನೆಲದಲ್ಲಿ ಸುಮ್ಮನೆ ಬಿದ್ದಿರುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಕಪ್ಪು ಮೈಯ ಮೇಲೆ ಬಿಳಿ ಚುಕ್ಕೆ ಇರುವ ಹುಳುಗಳು ಲಿಲ್ಲಿಯ ಎಲೆಗಳನ್ನು ಒಂದೇ ರಾತ್ರಿಯಲ್ಲಿ ಮುಗಿಸುತ್ತವೆ. ಔಷಧಿ ತಿಳಿಸಿ.
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಇವು ಲಿಲ್ಲಿ ಪತಂಗದ ಮರಿಹುಳುಗಳು. ಮೊಟ್ಟೆಯಿಂದ ಬಂದ ಹೊಸದರಲ್ಲಿ ಗುಂಪಾಗಿ ಎಲೆಯ ಎರಡು ಪೊರೆಗಳ ನಡುವೆ ಹೊಕ್ಕು ಹಸಿರನ್ನು ಕೆರೆದು ತಿನ್ನುತ್ತವೆ; ಆಗ ಎಲೆಯ ತುದಿ ಎಣ್ಣೆ ಕಾಗದದಂತೆ ಪಾರದರ್ಶಕವಾಗಿ ಕಾಣುತ್ತದೆ. ಆ ತುದಿಯನ್ನು ಆಗಲೇ ಕತ್ತರಿಸಿ ಸಾಬೂನು ನೀರಿಗೆ ಹಾಕಿದರೆ ಮುಂದಿನ ಔಷಧಿ ಬೇಕಾಗುವುದಿಲ್ಲ. ಬೆಳೆದ ಹುಳು ಎಲೆ ಮುಗಿಸಿ ಕುತ್ತಿಗೆಯೊಳಗೆ ಇಳಿದು ಗೆಡ್ಡೆಗೂ ಬಾಯಿ ಹಾಕುತ್ತದೆ, ಆದ್ದರಿಂದ ಕುತ್ತಿಗೆಯ ಸಂದುಗಳನ್ನು ಬಿಡಿಸಿ ನೋಡಿ. ಹೊತ್ತು ಮುಳುಗಿದ ಮೇಲೆ ಟಾರ್ಚ್ ಹಿಡಿದು ಕೈಯಿಂದ ಆರಿಸುವುದೇ ನನ್ನ ಪದ್ಧತಿ. ಹೆಚ್ಚಾದರೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಚಿಟಿಕೆ ಸಾಬೂನು ಪುಡಿ ಬೆರೆಸಿ ಸಂಜೆ ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ. ಎಲೆಯೆಲ್ಲ ಹೋದರೂ ಗೆಡ್ಡೆ ಗಟ್ಟಿ ಇದ್ದರೆ ಮತ್ತೆ ಚಿಗುರುತ್ತದೆ, ಆದರೆ ಬುತ್ತಿ ಕರಗಿರುವುದರಿಂದ ಬರುವ ವಸಂತದ ಹೂವಿನ ಆಸೆ ಬಿಡಬೇಕಾಗಬಹುದು.

ಪ್ರಶ್ನೆ: ಮನೆಯಲ್ಲಿ ಎರಡು ವರ್ಷದ ಮಗು ಮತ್ತು ನಾಯಿ ಇವೆ. ಈ ಗೆಡ್ಡೆಗಳು ವಿಷವೇ?
– ಓದುಗರು, ಹೊಸದುರ್ಗ

ಉತ್ತರ: ಹೌದು, ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹಿಪ್ಪಿಯಾಸ್ಟ್ರಮ್, ಮಳೆ ಲಿಲ್ಲಿ, ಫುಟ್‌ಬಾಲ್ ಲಿಲ್ಲಿ, ಡ್ಯಾಫೊಡಿಲ್ ಇವೆಲ್ಲ ಒಂದೇ ಕುಟುಂಬದವು. ಗೆಡ್ಡೆ ತಿಂದರೆ ವಾಂತಿ, ಭೇದಿ ಆಗುತ್ತದೆ. ಬೇಲಿಗೆ ಹಬ್ಬಿಸುವ ಗೌರಿ ಹೂವಿನ, ಅಗ್ನಿಶಿಖೆ ಎಂದೂ ಕರೆಯುತ್ತಾರೆ, ನೇಗಿಲಿನಂತೆ ಕವಲಾದ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ಪ್ರಾಣಾಂತಕ ವಿಷವಿದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದನ್ನು ನೆಡಲೇಬೇಡಿ. ಯಾರಾದರೂ ತಿಂದಿದ್ದಾರೆಂಬ ಅನುಮಾನ ಬಂದರೂ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಗಿಡದ ತುಂಡನ್ನೂ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಹೋಗಬೇಕು. ನಮ್ಮ ಕಡೆ ಇನ್ನೊಂದು ಅಪಾಯವುಂಟು: ಕಿತ್ತು ಆರಿಸಿದ ಲಿಲ್ಲಿ ಗೆಡ್ಡೆ ದೂರದಿಂದ ಈರುಳ್ಳಿಯಂತೆಯೇ ಕಾಣುತ್ತದೆ, ಮತ್ತು ನಾವು ಎರಡನ್ನೂ ಅಟ್ಟದ ಮೇಲೆಯೇ ಹರಡುತ್ತೇವೆ. ಹೂವಿನ ಗೆಡ್ಡೆಗಳನ್ನು ಬಣ್ಣದ ದಾರ ಕಟ್ಟಿದ ಬೇರೆ ಚೀಲದಲ್ಲಿ, ಅಡುಗೆಮನೆಯಿಂದ ದೂರ, ಬೀಗವಿರುವ ಕೋಣೆಯಲ್ಲಿಡಿ. ಸಿಪ್ಪೆ ಸುಲಿದು ಮೂಸಿದರೆ ಈರುಳ್ಳಿಯ ಘಾಟು ಇರುವುದಿಲ್ಲ ಎಂಬುದನ್ನು ಅಡುಗೆ ಮಾಡುವ ಎಲ್ಲರಿಗೂ ಒಮ್ಮೆ ತೋರಿಸಿಕೊಡಿ.